ಮದುವೆಯಾದರೆ ಅಂಗವಿಕಲ ಪಿಂಚಣಿ ನಿಲ್ಲುತ್ತದೆಯೇ? ಉತ್ತರ ಕನ್ನಡದವರಿಗೊಂದು ಮಾರ್ಗದರ್ಶಿ

ತುಳಸಿ ಲಗ್ನ ಮುಗಿದು ಊರಿನಲ್ಲಿ ಸಂಬಂಧದ ಮಾತು ಏಳುವ ಹೊತ್ತಿಗೆ ಅಂಗವಿಕಲರಿರುವ ಮನೆಗಳಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: "ಮದ್ವೆ ಆದ್ರೆ ಪಿಂಚಣಿ ಬಂದ್ ಆಗ್ತದಂತೆ, ಹೌದಾ?" ಅಂಕೋಲೆಯ ಅಮ್ಮನಿಗೂ ಸಿದ್ದಾಪುರದ ಅಪ್ಪನಿಗೂ ಇರುವ ಆತಂಕ ಒಂದೇ. ತಿಂಗಳಿಗೆ ಬರುವ ಆ ಸಣ್ಣ ದುಡ್ಡು ಹೋದರೆ ಗಂಡನ ಮನೆಯಲ್ಲಿ ಮಗಳು ಔಷಧಕ್ಕೂ ಕೈಚಾಚಬೇಕಾದೀತು ಎಂಬ ಆತಂಕ ಅದು.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕರ್ನಾಟಕ ಸರ್ಕಾರದ ಅಂಗವಿಕಲ ಪಿಂಚಣಿಗೆ ಮದುವೆ ಅಡ್ಡಿಯಲ್ಲ. ಮದುವೆಯಾಗದವರಿಗೆ ಮಾತ್ರ ಎಂಬ ಷರತ್ತು ಅದಕ್ಕಿಲ್ಲ. ಅಂಗವೈಕಲ್ಯ ಎಷ್ಟು, ಆದಾಯ ಎಷ್ಟು, ವಾಸ ಎಲ್ಲಿ ಎಂಬ ಮೂರನ್ನು ಮಾತ್ರ ಅದು ಕೇಳುತ್ತದೆ.

ಆದರೂ ಮದುವೆಯಾದ ಮೇಲೆ ಪಿಂಚಣಿ ನಿಂತವರು ನಮ್ಮ ನಡುವೆ ಇದ್ದಾರೆ. ಮದುವೆಯ ಬೆನ್ನಿಗೆ ವಿಳಾಸ ಬದಲಾಯಿತು, ರೇಶನ್ ಕಾರ್ಡ್ ಬದಲಾಯಿತು, ಬ್ಯಾಂಕ್ ಖಾತೆ ಬದಲಾಯಿತು, ಕೆಲವರ ಹೆಸರೂ ಬದಲಾಯಿತು. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಬಿಟ್ಟರು. ಪರಿಶೀಲನೆಗೆ ಬಂದವರಿಗೆ ಹಳೆ ವಿಳಾಸದಲ್ಲಿ ಆಕೆ ಸಿಗಲಿಲ್ಲ. ಪಿಂಚಣಿ ನಿಲ್ಲುವುದು ಹೆಚ್ಚಾಗಿ ಹೀಗೆ. ಅದರಿಂದ ಮದುವೆಯನ್ನು ಮುಚ್ಚಿಡುವ, ನೋಂದಣಿ ಮಾಡಿಸದೇ ಇರುವ, ಮಗಳ ಹೆಸರನ್ನು ವರ್ಷಗಟ್ಟಲೆ ತವರಿನ ಕಾರ್ಡಿನಲ್ಲೇ ಬಿಡುವ ಉಪಾಯ ಯಾವುದೂ ರಕ್ಷಣೆ ಕೊಡುವುದಿಲ್ಲ. ಪಿಂಚಣಿಗೆ ಕುತ್ತು ತರುವುದೇ ಇಂಥ ಮುಚ್ಚುಮರೆ.

ಮೊದಲು ನೋಡಬೇಕಾದ್ದು: ಬರುತ್ತಿರುವುದು ಯಾವ ಪಿಂಚಣಿ?

ಇದು ಎಲ್ಲಕ್ಕಿಂತ ಮುಖ್ಯ. ಅಂಗವೈಕಲ್ಯವಿರುವ ಮಹಿಳೆಗೆ ತಿಂಗಳು ತಿಂಗಳು ಹಣ ಬರುತ್ತಿದ್ದರೆ ಅದು ಅಂಗವಿಕಲ ಪಿಂಚಣಿಯೇ ಎಂದು ಮನೆಯವರು ತಿಳಿದಿರುತ್ತಾರೆ. ಹಾಗೇ ಇರಬೇಕೆಂದಿಲ್ಲ. ತಹಶೀಲ್ದಾರರ ಮಂಜೂರಾತಿ ಆದೇಶವನ್ನು ತೆಗೆದು ಯೋಜನೆಯ ಹೆಸರು ಓದಿ. ಆದೇಶ ಕಳೆದುಹೋಗಿದ್ದರೆ ಆಧಾರ್ ಹಿಡಿದು ನಾಡಕಚೇರಿಯಲ್ಲಿ ಕೇಳಿ.

ಆದೇಶದಲ್ಲಿ ಅಂಗವಿಕಲ ಪಿಂಚಣಿ ಎಂದಿದ್ದರೆ ಮದುವೆಯ ಕಾರಣಕ್ಕೆ ಅದು ನಿಲ್ಲುವುದಿಲ್ಲ. ಶೇ. 40ರಿಂದ 75ರ ಒಳಗಿನ ಅಂಗವೈಕಲ್ಯಕ್ಕೆ ತಿಂಗಳಿಗೆ ₹800, ಅದಕ್ಕಿಂತ ತೀವ್ರವಾಗಿದ್ದರೆ ₹1,400 ಎಂಬುದು ರಾಜ್ಯದ ದರ. ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿಗೆ ಬಡತನ ರೇಖೆಗಿಂತ ಕೆಳಗಿರುವ ಕುಟುಂಬದ, ಶೇ. 80ಕ್ಕೂ ಹೆಚ್ಚು ಅಂಗವೈಕಲ್ಯವಿರುವ ವಯಸ್ಕರು ಅರ್ಹರು. ಅದರಲ್ಲಿ ಕೇಂದ್ರದ ಪಾಲು ₹300. ಅಲ್ಲಿಯೂ ಮದುವೆಯಾಗಿದೆಯೇ ಇಲ್ಲವೇ ಎಂಬುದು ಲೆಕ್ಕಕ್ಕಿಲ್ಲ.

ವಿಧವಾ ವೇತನ ಎಂದಿದ್ದರೆ ಮಾತು ಬೇರೆ. ಮರುಮದುವೆಯಾದ ದಿನಕ್ಕೆ ಆ ಅರ್ಹತೆ ಮುಗಿಯಿತು. ಮನಸ್ವಿನಿ ಎಂದಿದ್ದರೂ ಅಷ್ಟೇ. 40ರಿಂದ 64 ವಯಸ್ಸಿನ ಅವಿವಾಹಿತ ಮತ್ತು ವಿಚ್ಛೇದಿತ ಮಹಿಳೆಯರಿಗೆಂದೇ ಇರುವ ಯೋಜನೆ ಅದು, ಮದುವೆಯಾದ ಮೇಲೆ ಮುಂದುವರಿಯುವುದಿಲ್ಲ. "ಮದುವೆಯಾದರೆ ಪಿಂಚಣಿ ಹೋಗುತ್ತದೆ" ಎಂಬ ಮಾತು ಹುಟ್ಟಿದ್ದು ಇಂಥ ಯೋಜನೆಗಳಿಂದ. ನೆರೆಮನೆಯ ವಿಧವೆಗೆ ಮರುಮದುವೆಯಾದ ಮೇಲೆ ನಿಂತಿತು ಎಂದು ಕೇಳಿದವರು ಅದೇ ನಿಯಮವನ್ನು ತಮ್ಮ ಮಗಳಿಗೂ ಅನ್ವಯಿಸಿಕೊಂಡರು.

ಇಲ್ಲಿಯೇ ಒಂದು ಕೆಲಸ ಮಾಡಿಕೊಳ್ಳಬಹುದು. ಒಬ್ಬರಿಗೆ ಇಂಥ ಸಾಮಾಜಿಕ ಭದ್ರತಾ ಪಿಂಚಣಿ ಒಂದೇ ಸಿಗುವುದು. ಎಳೆ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡ, ಕಾಲಿನ ಪೋಲಿಯೋ ಇರುವ ಹೆಣ್ಣುಮಗಳಿಗೆ ಯಾರೋ ವಿಧವಾ ವೇತನದ ಅರ್ಜಿ ಹಾಕಿಸಿ ಅದೇ ನಡೆದುಬಂದಿರುತ್ತದೆ. ಆಕೆಯ ಅಂಗವೈಕಲ್ಯ ಶೇ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಂಗವಿಕಲ ಪಿಂಚಣಿಗೂ ಆಕೆ ಅರ್ಹಳು. ಮರುಮದುವೆಯ ಮಾತು ನಡೆದಿದ್ದರೆ ವಿಧವಾ ವೇತನವನ್ನು ತಾನಾಗಿ ಬಿಟ್ಟುಕೊಡುವ ಪತ್ರ ಕೊಟ್ಟು ಅಂಗವಿಕಲ ಪಿಂಚಣಿಗೆ ಅರ್ಜಿ ಹಾಕಬೇಕು. ಮನಸ್ವಿನಿಯಲ್ಲಿರುವವರೂ ಹೀಗೆಯೇ ಮಾಡಬೇಕು. ಮದುವೆಯ ನಂತರವೂ ವಿಧವಾ ವೇತನ ತೆಗೆಯುತ್ತ ಹೋದರೆ ಒಂದು ದಿನ ವಸೂಲಿಗೆ ನೋಟಿಸು ಬರುತ್ತದೆ. ಹೊಸ ಸಂಸಾರಕ್ಕೆ ಅದು ದೊಡ್ಡ ಹೊರೆ. ಅಂಗವೈಕಲ್ಯ ಶೇ. 75 ದಾಟಿದ್ದರಂತೂ ಬದಲಾಯಿಸಿಕೊಂಡರೆ ತಿಂಗಳ ಮೊತ್ತವೂ ಹೆಚ್ಚುತ್ತದೆ, ಏಕೆಂದರೆ ವಿಧವಾ ವೇತನ ₹800 ಮಾತ್ರ.

ಆದಾಯದ ಲೆಕ್ಕ

ಮದುವೆ ನಿಜವಾಗಿ ಮುಟ್ಟುವುದು ಈ ಜಾಗವನ್ನು. ಪಿಂಚಣಿಗೆ ವಾರ್ಷಿಕ ಆದಾಯದ ಮಿತಿ ₹32,000. ಅರ್ಜಿಯ ಜೊತೆ ಹೋಗುವ ಆದಾಯ ಪ್ರಮಾಣಪತ್ರದಲ್ಲಿ ಬರುವುದು ಕುಟುಂಬದ ಆದಾಯ. ಮದುವೆಗೆ ಮುಂಚೆ ಕುಟುಂಬವೆಂದರೆ ತವರು, ಮದುವೆಯ ನಂತರ ಸಂಗಾತಿಯ ಮನೆ. ಅಂಕೋಲೆಯಲ್ಲಿ ಕೂಲಿ ಮಾಡುವ ತಂದೆಯ ಮಗಳು ಶಿರಸಿಯಲ್ಲಿ ಅಡಿಕೆ ತೋಟವಿರುವ ಮನೆಗೆ ಹೋದರೆ, ಅಥವಾ ಸ್ವಂತ ಬೋಟಿರುವ ಮನೆಗೆ ಸೊಸೆಯಾಗಿ ಕುಮಟೆಗೆ ಬಂದರೆ, ಮುಂದಿನ ಪರಿಶೀಲನೆಯಲ್ಲಿ ಆ ಮನೆಯ ಆದಾಯವೂ ಎಣಿಕೆಗೆ ಬರುತ್ತದೆ. ಮಿತಿ ದಾಟಿದರೆ ಪಿಂಚಣಿ ನಿಲ್ಲಬಹುದು. ಆಗ ಅದಕ್ಕೆ ಕಾರಣ ಆದಾಯ, ಮದುವೆಯಲ್ಲ. ಈ ವ್ಯತ್ಯಾಸ ಮುಖ್ಯ, ಯಾಕೆಂದರೆ ಆದಾಯ ಮತ್ತೆ ಇಳಿದರೆ ಮತ್ತೆ ಅರ್ಜಿ ಹಾಕಬಹುದು.

₹32,000 ಎಂದರೆ ತಿಂಗಳಿಗೆ ₹2,700ಕ್ಕಿಂತ ಕಡಿಮೆ. ಇಂದಿನ ಕಾಲದಲ್ಲಿ ಎರಡು ಹೊತ್ತು ಉಣ್ಣುವ ಯಾವ ಮನೆಯ ಆದಾಯ ಅಷ್ಟು ಕಡಿಮೆ ಇದ್ದೀತು? ಅಂಗವಿಕಲರ ಆದಾಯವನ್ನು ಅವರ ಹೆಸರಿನಲ್ಲೇ ಎಣಿಸಬೇಕು, ಗಂಡನ ಅಥವಾ ಮಾವನ ತೋಟದ ಹೆಸರಿನಲ್ಲಿ ಅಲ್ಲ ಎಂಬುದು ನನ್ನ ನಿಲುವು. ಮನೆಯಲ್ಲಿ ತೋಟವಿದೆ ಎಂದಾಕ್ಷಣ ಸೊಸೆಯ ಕೈಗೆ ದುಡ್ಡು ಬರುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಆದರೆ ನಿಯಮ ಈಗಿರುವುದು ಹೀಗೆ, ಆದ್ದರಿಂದ ಅದನ್ನು ತಿಳಿದೇ ಹೆಜ್ಜೆ ಇಡಬೇಕು.

ಇದರ ಜೊತೆ ಇನ್ನೊಂದು ಮಿತಿಯನ್ನು ಜನ ಕಲಸಿಬಿಡುತ್ತಾರೆ. ಆದ್ಯತಾ ರೇಶನ್ ಕಾರ್ಡಿಗೆ ಕುಟುಂಬದ ಆದಾಯದ ಮಿತಿ ₹1.20 ಲಕ್ಷ. "ನಮಗೆ ಬಿಪಿಎಲ್ ಕಾರ್ಡ್ ಇದೆಯಲ್ಲ, ಪಿಂಚಣಿ ಯಾಕೆ ಇಲ್ಲ?" ಎಂಬ ಜಗಳದ ಮೂಲ ಇದು. ಎರಡು ಮಿತಿಗಳೂ ಬೇರೆ ಬೇರೆ.

ಗಂಡಹೆಂಡತಿ ನಿಜವಾಗಿಯೂ ಬೇರೆ ಒಲೆ ಹೂಡಿದ್ದರೆ, ಅವರ ಹೆಸರಿನಲ್ಲೇ ಪ್ರತ್ಯೇಕ ರೇಶನ್ ಕಾರ್ಡ್ ಮಾಡಿಸಿ, ಅವರಿಬ್ಬರ ಆದಾಯದ ಮೇಲೆ ಪ್ರಮಾಣಪತ್ರ ಕೇಳುವುದು ನ್ಯಾಯವಾದ ದಾರಿ. ಕೂಡುಕುಟುಂಬದಲ್ಲೇ ಇದ್ದುಕೊಂಡು ಕಾಗದದಲ್ಲಿ ಮಾತ್ರ ಬೇರೆಯಾಗಬೇಡಿ. ರಾಜ್ಯದ "ಕುಟುಂಬ" ದತ್ತಾಂಶದಲ್ಲಿ ರೇಶನ್ ಕಾರ್ಡ್, ಆಧಾರ್ ಮತ್ತು ಯೋಜನೆಗಳ ಫಲಾನುಭವಿಗಳ ವಿವರ ಒಂದಕ್ಕೊಂದು ಹೆಣೆದುಕೊಂಡಿದೆ. ತಾಳೆಯಾಗದ್ದು ಒಂದಲ್ಲ ಒಂದು ಪರಿಶೀಲನೆಯಲ್ಲಿ ಎದ್ದು ಕಾಣುತ್ತದೆ.

ಇಬ್ಬರೂ ಅಂಗವಿಕಲರಾಗಿದ್ದು ಮದುವೆಯಾದರೆ? ಪಿಂಚಣಿ ವ್ಯಕ್ತಿಗೆ ಕೊಡುವುದು, ಮನೆಗಲ್ಲ. ಆದಾಯದ ಮಿತಿಯೊಳಗಿದ್ದರೆ ಇಬ್ಬರದ್ದೂ ನಡೆಯುತ್ತದೆ. ಗೃಹಲಕ್ಷ್ಮಿಯ ₹2,000 ಬಂದರೆ ಪಿಂಚಣಿ ಹೋಗುತ್ತದೆ ಎಂಬುದೂ ಸುಳ್ಳು ಸುದ್ದಿ. ಪಿಂಚಣಿ ಪಡೆಯುವ ಮನೆಯೊಡತಿಗೂ ಗೃಹಲಕ್ಷ್ಮಿ ಸಲ್ಲುತ್ತದೆ.

ಮದುವೆಗೆ ಮುಂಚೆ

ಯುಡಿಐಡಿ ಕಾರ್ಡನ್ನು, ಅಂದರೆ ಅಂಗವಿಕಲರ ಗುರುತಿನ ಕಾರ್ಡನ್ನು, ಕೈಯಲ್ಲಿ ಹಿಡಿದು ನೋಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಹೆಚ್ಚಿನ ಸೌಲಭ್ಯಗಳು. ಹಳದಿ ಕಾರ್ಡ್ ಶೇ. 40ರಿಂದ 80ರ ಒಳಗಿನವರಿಗೆ, ನೀಲಿ ಕಾರ್ಡ್ ಅದಕ್ಕಿಂತ ಹೆಚ್ಚಿರುವವರಿಗೆ. ತಾತ್ಕಾಲಿಕ ಅಂಗವೈಕಲ್ಯ ಎಂದು ಬರೆದು ಮುಕ್ತಾಯದ ದಿನಾಂಕ ಹಾಕಿದ್ದರೆ ಆ ದಿನ ಮದುವೆಯ ಗಡಿಬಿಡಿಯಲ್ಲಿ ದಾಟಿಹೋಗದಂತೆ ನೋಡಿಕೊಳ್ಳಿ. ಮರುತಪಾಸಣೆಗೆ ಕರಾವಳಿಯವರಿಗೆ ಕಾರವಾರದ ಕ್ರಿಮ್ಸ್ ಆಸ್ಪತ್ರೆ, ಘಟ್ಟದ ಮೇಲಿನವರಿಗೆ ಶಿರಸಿಯ ಪಂಡಿತ್ ಸಾರ್ವಜನಿಕ ಆಸ್ಪತ್ರೆ ಹತ್ತಿರ. ಯಾವ ವೈಕಲ್ಯಕ್ಕೆ ಯಾವ ವಾರ ತಜ್ಞರು ಕೂರುತ್ತಾರೆ ಎಂದು ಮೊದಲೇ ಫೋನಿನಲ್ಲಿ ವಿಚಾರಿಸಿ ಹೊರಡಿ. ಜೋಯಿಡಾದಿಂದ ಕಾರವಾರಕ್ಕೆ ಗಾಲಿಕುರ್ಚಿ ಏರಿಸಿಕೊಂಡು ಹೋಗಿ ತಜ್ಞರಿಲ್ಲವೆಂದು ತಿರುಗಿ ಬರುವ ಸಂಕಟ ಯಾರಿಗೂ ಬೇಡ.

ಹೆಸರಿನ ತೀರ್ಮಾನವನ್ನೂ ಈಗಲೇ ಮಾಡಿ. ಮದುವೆಯಾದ ಹೆಣ್ಣು ಹೆಸರು ಬದಲಿಸಲೇಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ನನ್ನ ಸಲಹೆ ಸ್ಪಷ್ಟ: ಬದಲಿಸಬೇಡಿ. ಅಂಗವೈಕಲ್ಯದ ಪ್ರಮಾಣಪತ್ರ, ಯುಡಿಐಡಿ, ಶಾಲೆಯ ಅಂಕಪಟ್ಟಿ, ಪಿಂಚಣಿ ಆದೇಶ, ಪಾಸ್‌ಬುಕ್ ಎಲ್ಲವೂ ಹಳೆ ಹೆಸರಿನಲ್ಲಿವೆ. ಆಧಾರದಲ್ಲಿ ಹೆಸರು ತಿದ್ದಲು ಜೀವನಪೂರ್ತಿ ಸಿಗುವುದು ಎರಡೇ ಅವಕಾಶ. ಹೊಸ ಮನೆಯ ಹಿರಿಯರಿಗೆ ಇಷ್ಟವಿದ್ದರೆ ಮನೆಯಲ್ಲಿ ಹೊಸ ಹೆಸರಿನಿಂದ ಕರೆಯಲಿ. ಕಾಗದಪತ್ರದಲ್ಲಿ ಹುಟ್ಟುಹೆಸರೇ ಇರಲಿ.

ಮದುವೆಯ ನೋಂದಣಿ

ಛತ್ರದಲ್ಲಿ, ದೇವಸ್ಥಾನದಲ್ಲಿ, ಮನೆಯಂಗಳದಲ್ಲಿ ಎಲ್ಲಿ ಆದರೂ ನೋಂದಣಿ ಮಾಡಿಸಿ. ಹಿಂದೂ ವಿವಾಹದ ನೋಂದಣಿಗೆ ಕಾವೇರಿ ಜಾಲತಾಣದಲ್ಲಿ ಅರ್ಜಿ ಹಾಕಬಹುದು, ಉಪನೋಂದಣಾಧಿಕಾರಿ ಕಚೇರಿಯಲ್ಲಿಯೂ ಮಾಡಿಸಬಹುದು. ಬೇರೆ ಬೇರೆ ಧರ್ಮದವರು ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವುದಾದರೆ 30 ದಿನ ಮುಂಚಿನ ನೋಟಿಸು ಬೇಕು, ಅದನ್ನು ಲೆಕ್ಕ ಹಾಕಿಕೊಂಡು ದಿನ ಗೊತ್ತುಮಾಡಿ. ಮುಂದೆ ಹೇಳುವ ಪ್ರೋತ್ಸಾಹಧನಕ್ಕೂ, ರೇಶನ್ ಕಾರ್ಡಿಗೂ, ಆಧಾರ್ ವಿಳಾಸಕ್ಕೂ ಈ ಪ್ರಮಾಣಪತ್ರವೇ ಆಧಾರ.

ಮದುವೆಯ ನಂತರ: ಯಾವುದು ಮೊದಲು, ಯಾವುದು ಆಮೇಲೆ

ಇಲ್ಲಿ ಕ್ರಮ ತಪ್ಪಿದರೆ ತಿಂಗಳುಗಟ್ಟಲೆ ಅಲೆದಾಟ.

ಆಧಾರದ ವಿಳಾಸ ಮೊದಲು. ಹೊಸ ಸೊಸೆಯ ಹೆಸರಿನಲ್ಲಿ ಗಂಡನ ಊರಿನ ವಿಳಾಸದ ಯಾವ ದಾಖಲೆಯೂ ಇರುವುದಿಲ್ಲ. ಅದಕ್ಕೆಂದೇ ಕುಟುಂಬದ ಮುಖ್ಯಸ್ಥರ ಆಧಾರ್ ಮೇಲೆ ವಿಳಾಸ ಬದಲಿಸುವ ವ್ಯವಸ್ಥೆ 2023ರಿಂದ ಇದೆ. ಸಂಬಂಧದ ಸಾಕ್ಷಿಯಾಗಿ ಮದುವೆ ಪ್ರಮಾಣಪತ್ರ ಕೊಟ್ಟರೆ ಗಂಡನ ಮೊಬೈಲಿಗೆ ಸಂದೇಶ ಬರುತ್ತದೆ, ಆತ 30 ದಿನದೊಳಗೆ ಒಪ್ಪಿಗೆ ಕೊಡಬೇಕು. ಆಧಾರಕ್ಕೆ ಜೋಡಿಸುವ ಮೊಬೈಲ್ ಸಂಖ್ಯೆ ಮಾತ್ರ ಆಕೆಯದ್ದೇ ಇರಲಿ. ಗಂಡನ ಅಥವಾ ಮೈದುನನ ಸಂಖ್ಯೆ ಕೊಟ್ಟರೆ ಒಟಿಪಿಗಾಗಿ ಪ್ರತಿ ಬಾರಿಯೂ ಅವರ ದಾರಿ ಕಾಯಬೇಕಾಗುತ್ತದೆ.

ಅದರ ಬೆನ್ನಿಗೆ ರೇಶನ್ ಕಾರ್ಡ್. ತವರಿನ ಕಾರ್ಡಿನಿಂದ ಹೆಸರು ತೆಗೆಸಿದ ಮೇಲೆಯೇ ಗಂಡನ ಮನೆಯ ಕಾರ್ಡಿಗೆ ಸೇರಿಸಲು ಬರುವುದು. ಗ್ರಾಮ ಒನ್ ಕೇಂದ್ರದಲ್ಲಿ ಕೇಳಿದರೆ ತಿದ್ದುಪಡಿಗೆ ಅವಕಾಶ ಯಾವಾಗ ತೆರೆದಿದೆ ಎಂದು ಹೇಳುತ್ತಾರೆ, ಏಕೆಂದರೆ ಅದು ವರ್ಷವಿಡೀ ತೆರೆದಿರುವುದಿಲ್ಲ. ತೆಗೆಸುವುದು ಮತ್ತು ಸೇರಿಸುವುದರ ನಡುವೆ ಹೆಚ್ಚು ಅಂತರ ಬೀಳದಂತೆ ನೋಡಿಕೊಳ್ಳಿ. ಯಾವ ಕಾರ್ಡಿನಲ್ಲೂ ಹೆಸರಿಲ್ಲದ ಸ್ಥಿತಿ ಎಲ್ಲಕ್ಕಿಂತ ಅಪಾಯದ್ದು.

ಈಗ ಪಿಂಚಣಿ. ಅದೇ ತಾಲ್ಲೂಕಿನೊಳಗೆ ಊರು ಬದಲಾದರೂ ಬೇರೆ ತಾಲ್ಲೂಕಿಗೆ ಹೋದರೂ ವಿಳಾಸ ಬದಲಾವಣೆಯ ಅರ್ಜಿಯನ್ನು ಬರಹದಲ್ಲಿ ಕೊಡಿ. ಹೊನ್ನಾವರದ ಮಗಳು ಯಲ್ಲಾಪುರಕ್ಕೆ ಸೊಸೆಯಾಗಿ ಹೋದರೆ ಹೊನ್ನಾವರದ ತಹಶೀಲ್ದಾರರಿಗೆ ಪಿಂಚಣಿ ವರ್ಗಾವಣೆಯ ಅರ್ಜಿ ಹೋಗಬೇಕು, ಅದರ ಪ್ರತಿ ಯಲ್ಲಾಪುರದ ಕಚೇರಿಯಲ್ಲಿಯೂ ಇರಬೇಕು. ಹಳೆಯದನ್ನು ಹಾಗೇ ಬಿಟ್ಟು ಹೊಸ ತಾಲ್ಲೂಕಿನಲ್ಲಿ ಹೊಸ ಅರ್ಜಿ ಹಾಕಬೇಡಿ. ಒಂದೇ ಆಧಾರ್ ಸಂಖ್ಯೆಯ ಮೇಲೆ ಎರಡು ಅರ್ಜಿ ಕಂಡರೆ ಎರಡಕ್ಕೂ ತೊಂದರೆ. ಅರ್ಜಿಗೆ ಮಂಜೂರಾತಿ ಆದೇಶದ ನಕಲು, ಹೊಸ ವಿಳಾಸದ ಆಧಾರ್, ಮದುವೆ ಪ್ರಮಾಣಪತ್ರ, ಯುಡಿಐಡಿ ಮತ್ತು ಪಾಸ್‌ಬುಕ್ಕಿನ ಮೊದಲ ಪುಟ ಲಗತ್ತಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಬನ್ನಿ. ಆಮೇಲೆ ಹೊಸ ಊರಿನ ಗ್ರಾಮ ಆಡಳಿತಾಧಿಕಾರಿಯನ್ನು, ಅಂದರೆ ಮೊದಲು ಗ್ರಾಮ ಲೆಕ್ಕಿಗರು ಎನ್ನುತ್ತಿದ್ದವರನ್ನು, ಒಮ್ಮೆ ಕಂಡು ಬನ್ನಿ. ಪರಿಶೀಲನೆಗೆ ಮನೆಗೆ ಬರುವವರು ಅವರು. ಹಳೆ ಊರಿನಲ್ಲಿ ಕೇಳಿ "ಮದುವೆಯಾಗಿ ಹೋದಳು" ಎಂಬ ಉತ್ತರ ಬಂದರೆ ವಿಳಾಸದಲ್ಲಿಲ್ಲ ಎಂದು ಬರೆಯುವವರೂ ಅಲ್ಲಿಯ ಅಧಿಕಾರಿಯೇ.

ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರಲ್ಲಿ ಬಹುಮಂದಿ ತಾವೂ ಅಂಗವಿಕಲರೇ, ಈ ದಾರಿಯ ಕಲ್ಲುಮುಳ್ಳು ತಿಳಿದವರು. ಹೊಸ ಊರಿಗೆ ಬಂದವರು ಅವರ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡರೆ ಅರ್ಧ ಕೆಲಸ ಹಗುರ.

ಯುಡಿಐಡಿಯಲ್ಲೂ ವಿಳಾಸ ಬದಲಿಸಿ. ಸ್ವಾವಲಂಬನ್ ಜಾಲತಾಣದಲ್ಲಿ ಅದಕ್ಕೆ ಅವಕಾಶವಿದೆ. ಹೊಸ ವೈದ್ಯಕೀಯ ತಪಾಸಣೆಯ ಅಗತ್ಯ ಇಲ್ಲ, ಶೇಕಡಾವಾರು ಹಾಗೇ ಉಳಿಯುತ್ತದೆ.

ಬಸ್ ಪಾಸನ್ನು ಮರೆಯುವವರೇ ಹೆಚ್ಚು. ಸಾರಿಗೆ ಸಂಸ್ಥೆಯ ಅಂಗವಿಕಲರ ರಿಯಾಯಿತಿ ಪಾಸು ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿಗೆ ಸಿಗುವಂಥದ್ದು, ವರ್ಷಕ್ಕೊಮ್ಮೆ ನವೀಕರಣ. ಕಾರವಾರದಲ್ಲಿದ್ದವರು ಶಿರಸಿಗೆ ಮದುವೆಯಾಗಿ ಬಂದರೆ ಅಳತೆ ಶಿರಸಿಯಿಂದ ಶುರು. ರಸ್ತೆಯಲ್ಲಿ ಕಾರವಾರ ಶಿರಸಿಯಿಂದ 100 ಕಿ.ಮೀ.ಗಿಂತ ದೂರ, ಆದ್ದರಿಂದ ತವರಿಗೆ ಹೋಗುವಾಗ ಉಳಿದ ದಾರಿಗೆ ಟಿಕೆಟ್ ತೆಗೆಯಬೇಕಾದೀತು. ಮಹಿಳೆಯರಿಗೆ ಶಕ್ತಿ ಯೋಜನೆ ಇರುವುದರಿಂದ ಈ ಚಿಂತೆ ಕಡಿಮೆ, ಗಂಡಸರು ಮಾತ್ರ ನೋಡಿಕೊಳ್ಳಬೇಕು.

ಖಾತೆ ಯಾರದ್ದು?

ಪಿಂಚಣಿ ಈಗ ಆಧಾರಕ್ಕೆ ಜೋಡಣೆಯಾದ ಖಾತೆಗೆ ನೇರವಾಗಿ ಜಮೆ ಆಗುತ್ತದೆ. ಮದುವೆಯಾದ ಮೇಲೆ ಗಂಡನ ಊರಿನ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದು, ಅಲ್ಲಿ ಕೊಟ್ಟ ನಮೂನೆಗೆ ಸಹಿ ಮಾಡಿದರೆ ಆಧಾರ್ ಜೋಡಣೆ ಹೊಸ ಖಾತೆಗೆ ಹೋಗಿಬಿಡಬಹುದು. ಹಳೆ ಪಾಸ್‌ಬುಕ್ ನೋಡಿ "ಮೂರು ತಿಂಗಳಿಂದ ಬಂದಿಲ್ಲ" ಎಂದು ಗಾಬರಿಯಾದವರ ಹಣ ಎಷ್ಟೋ ಸಲ ಇನ್ನೊಂದು ಖಾತೆಯಲ್ಲಿ ಕೂತಿರುತ್ತದೆ. ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಮೈ ಆಧಾರ್ ಜಾಲತಾಣದಲ್ಲಿ ನೋಡಬಹುದು, ಜಮೆಯ ವಿವರ ಡಿಬಿಟಿ ಕರ್ನಾಟಕ ಆ್ಯಪಿನಲ್ಲಿ ಸಿಗುತ್ತದೆ.

ಖಾತೆ ಆಕೆಯ ಅಥವಾ ಆತನ ಒಬ್ಬರ ಹೆಸರಿನಲ್ಲೇ ಇರಲಿ, ಎಟಿಎಂ ಕಾರ್ಡ್ ಅವರ ಕೈಯಲ್ಲೇ ಇರಲಿ. 2016ರ ಕಾಯ್ದೆಯ 13ನೇ ಕಲಂ ಅಂಗವಿಕಲರಿಗೆ ಉಳಿದವರಂತೆಯೇ ಆಸ್ತಿ ಹೊಂದುವ, ತಮ್ಮ ಹಣಕಾಸನ್ನು ತಾವೇ ನೋಡಿಕೊಳ್ಳುವ ಹಕ್ಕನ್ನು ಬರೆದುಕೊಟ್ಟಿದೆ. ಈ ಪಿಂಚಣಿ ವರದಕ್ಷಿಣೆಯ ಮಾತುಕತೆಯಲ್ಲಿ ಬರಬಾರದು, ಮನೆಖರ್ಚಿನ ಲೆಕ್ಕಕ್ಕೆ ಅತ್ತೆ ಮಾವಂದಿರು ಹಿಡಿದಿಟ್ಟುಕೊಳ್ಳಬಾರದು. ಸಂಬಂಧ ಕುದುರಿಸುವಾಗಲೇ ತವರಿನವರು ಇದನ್ನು ಬಾಯಿಬಿಟ್ಟು ಹೇಳಲಿ. ಆಮೇಲೆ ಹೇಳುವುದು ಕಷ್ಟ.

ತಂದೆಯ ಪಿಂಚಣಿ ಮಗಳಿಗೆ ಅಥವಾ ಮಗನಿಗೆ ಬರುತ್ತಿದ್ದರೆ

ಇದು ರಾಜ್ಯದ ಮಾಸಾಶನಕ್ಕಿಂತ ಎಷ್ಟೋ ದೊಡ್ಡ ಮೊತ್ತ, ಗೊಂದಲವೂ ಅಷ್ಟೇ ದೊಡ್ಡದು. ಅಂಚೆ ಇಲಾಖೆ, ಸುಂಕ ಇಲಾಖೆಯಂಥ ಕೇಂದ್ರ ಸರ್ಕಾರಿ ನೌಕರಿಯಿಂದ ನಿವೃತ್ತರಾದ ತಂದೆ ತಾಯಿ ತೀರಿಕೊಂಡ ಮೇಲೆ, ದುಡಿದು ಬದುಕಲಾಗದಷ್ಟು ಅಂಗವೈಕಲ್ಯವಿರುವ ಮಗ ಅಥವಾ ಮಗಳಿಗೆ ಜೀವನಪೂರ್ತಿ ಕುಟುಂಬ ಪಿಂಚಣಿ ಸಲ್ಲುತ್ತದೆ. ಸಾಮಾನ್ಯ ಮಗಳಿಗೆ ಮದುವೆಯಾದೊಡನೆ ಅದು ನಿಲ್ಲುತ್ತದೆ. ಅಂಗವಿಕಲ ಮಗಳಿಗೂ ಮೊದಲು ಅದೇ ನಿಯಮವಿತ್ತು. 2012ರ ಕೊನೆಗೆ ನಿಯಮ ತಿದ್ದುಪಡಿಯಾಗಿ, ಮದುವೆಯಾದರೂ ಅಂಗವಿಕಲ ಮಕ್ಕಳ ಕುಟುಂಬ ಪಿಂಚಣಿ ಮುಂದುವರಿಯುತ್ತದೆ ಎಂದಾಯಿತು, 2013ರ ಜನವರಿಯಲ್ಲಿ ಕೇಂದ್ರ ಪಿಂಚಣಿ ಇಲಾಖೆ ಅದನ್ನು ಸ್ಪಷ್ಟಪಡಿಸಿತು. ಹತ್ತು ವರ್ಷ ದಾಟಿದರೂ ಈ ಸುದ್ದಿ ನಮ್ಮ ಹಳ್ಳಿಗಳಿಗೆ ಸರಿಯಾಗಿ ತಲುಪಿಲ್ಲ ಎಂಬುದು ನನಗೆ ನೋವಿನ ಸಂಗತಿ. ಪಿಂಚಣಿ ಹೋದೀತೆಂದು ಮಗಳಿಗೆ ಬಂದ ಒಳ್ಳೆಯ ಸಂಬಂಧವನ್ನು ಬೇಡವೆನ್ನುವ ಅಗತ್ಯ ಈಗಿಲ್ಲ.

ಇಲ್ಲಿಯೂ ಆದಾಯದ ಷರತ್ತಿದೆ, ಆದರೆ ಉದಾರವಾಗಿದೆ. 2021ರ ಫೆಬ್ರುವರಿಯಿಂದ ಅಂಗವಿಕಲ ಮಗ ಅಥವಾ ಮಗಳ ಬೇರೆ ಮೂಲದ ಆದಾಯ, ತಂದೆ ಅಥವಾ ತಾಯಿಯ ಕೊನೆಯ ವೇತನದ ಶೇ. 30 ಮತ್ತು ಅದರ ಮೇಲಿನ ತುಟ್ಟಿ ಪರಿಹಾರಕ್ಕಿಂತ ಕಡಿಮೆ ಇದ್ದರೆ ಸಾಕು. ಮದುವೆಯಾದ ಸಂಗತಿಯನ್ನು ಪಿಂಚಣಿ ಕೊಡುವ ಬ್ಯಾಂಕಿಗೆ ತಿಳಿಸಿ. ಬ್ಯಾಂಕಿನವರು ತಿಳಿಯದೆ ತಡೆಹಿಡಿದರೆ 2021ರ ಕೇಂದ್ರ ನಾಗರಿಕ ಸೇವಾ ಪಿಂಚಣಿ ನಿಯಮಗಳ 50ನೇ ನಿಯಮವನ್ನು ಉಲ್ಲೇಖಿಸಿ ಪತ್ರ ಕೊಡಿ.

ಕೈಗಾ, ಕೊಂಕಣ ರೈಲ್ವೆ, ನೌಕಾನೆಲೆ ಎಂದು ಕಾರವಾರದ ಸುತ್ತ ಕೇಂದ್ರದ ಸಂಸ್ಥೆಗಳು ಹಲವು, ಎಲ್ಲರ ಪಿಂಚಣಿ ನಿಯಮ ಒಂದೇ ಅಲ್ಲ. ಪಿಪಿಒ ಪುಸ್ತಕದಲ್ಲಿ, ಅಂದರೆ ಪಿಂಚಣಿ ಪಾವತಿ ಆದೇಶದಲ್ಲಿ, ಯಾವ ನಿಯಮದಡಿ ಪಿಂಚಣಿ ಎಂದು ಬರೆದಿರುತ್ತದೆ, ಅದನ್ನು ಓದಿ ಮುಂದುವರಿಯಿರಿ. ರಾಜ್ಯ ಸರ್ಕಾರಿ ನೌಕರರ ಮಕ್ಕಳಿಗೆ ಅನ್ವಯಿಸುವುದು 2002ರ ಕರ್ನಾಟಕ ಸರ್ಕಾರಿ ನೌಕರರ ಕುಟುಂಬ ಪಿಂಚಣಿ ನಿಯಮಗಳು. ಮೇಷ್ಟ್ರ ಮಗಳಿಗೆ ಪೋಸ್ಟ್‌ಮಾಸ್ಟರ ಮಗಳ ನಿಯಮ ಹಚ್ಚಬೇಡಿ. ಖಜಾನೆಯಲ್ಲಿ ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ, ಆಮೇಲೆ ಮದುವೆಯ ದಿನ ಗೊತ್ತುಮಾಡಿ.

ಗೋವಾಕ್ಕೆ ಮದುವೆಯಾಗಿ ಹೋಗುವವರು

ಕಾರವಾರ, ಸದಾಶಿವಗಡ, ಮಾಜಾಳಿಯವರಿಗೆ ಕಾಣಕೋಣ, ಮಡಗಾಂವ ನೆಂಟಸ್ತಿಕೆಯ ಊರುಗಳು. ಗಡಿ ದಾಟಲು ಅರ್ಧ ತಾಸು ಸಾಕು, ಆದರೆ ಪಿಂಚಣಿ ಗಡಿ ದಾಟುವುದಿಲ್ಲ. ಕರ್ನಾಟಕದ ಪಿಂಚಣಿಗೆ ಕರ್ನಾಟಕದ ವಾಸ ಬೇಕು. ಗೋವಾದ ದಯಾನಂದ ಸಾಮಾಜಿಕ ಭದ್ರತಾ ಯೋಜನೆಯ ಮೊತ್ತ ಹೆಚ್ಚು, ಆದರೆ ಅದಕ್ಕೆ ಹಲವು ವರ್ಷಗಳ ಗೋವಾ ವಾಸದ ಷರತ್ತಿದೆ. ಹೋದ ತಿಂಗಳಿಗೇ ಅಲ್ಲಿಯದು ಸಿಗುತ್ತದೆ ಎಂದು ಲೆಕ್ಕ ಹಾಕಬೇಡಿ. ನಡುವಿನ ವರ್ಷಗಳಿಗೆ ಮನೆಯವರು ಒಂದು ಏರ್ಪಾಡು ಮಾಡಿಕೊಂಡಿರಬೇಕು. ಅಂಗವೈಕಲ್ಯ ಶೇ. 80 ದಾಟಿದ್ದು ಬಡತನ ರೇಖೆಯ ಕೆಳಗಿನ ಕುಟುಂಬವಾಗಿದ್ದರೆ ಕೇಂದ್ರದ ಪಿಂಚಣಿಗೆ ಅಲ್ಲಿ ಅರ್ಜಿ ಹಾಕಿ. ಯುಡಿಐಡಿ ದೇಶಕ್ಕೆಲ್ಲ ಒಂದೇ, ಮತ್ತೆ ತಪಾಸಣೆ ಬೇಡ. ತವರಿನ ವಿಳಾಸ ಇಟ್ಟುಕೊಂಡು ಇಲ್ಲಿಯ ಪಿಂಚಣಿ ತೆಗೆಯುವುದು ಮಾತ್ರ ಬೇಡವೇ ಬೇಡ.

ಮದುವೆಯಿಂದ ಹೊಸದಾಗಿ ಸಿಗುವುದು

ಅಂಗವಿಕಲರನ್ನು ಮದುವೆಯಾಗುವ ಅಂಗವೈಕಲ್ಯವಿಲ್ಲದ ವ್ಯಕ್ತಿಗೆ ರಾಜ್ಯ ಸರ್ಕಾರದ ವಿವಾಹ ಪ್ರೋತ್ಸಾಹಧನ ₹50,000 ಇದೆ. ಈ ಹಣ ಕೈಗೆ ಬರುವುದಿಲ್ಲ, ದಂಪತಿಯ ಜಂಟಿ ಹೆಸರಿನಲ್ಲಿ ಐದು ವರ್ಷ ಠೇವಣಿಯಾಗಿರುತ್ತದೆ. ಸೇವಾ ಸಿಂಧುವಿನಲ್ಲಿ ಅರ್ಜಿ, ಕಾರವಾರದ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಪರಿಶೀಲನೆ. ಮದುವೆಯಾದ ಕೂಡಲೇ ಅರ್ಜಿ ಹಾಕಿ, ಮುಂದೂಡಬೇಡಿ.

ದೃಷ್ಟಿದೋಷವಿರುವ ತಾಯಂದಿರಿಗೆ ಮಗುವಿನ ಆರೈಕೆಗೆ ತಿಂಗಳಿಗೆ ₹2,000 ಶಿಶುಪಾಲನಾ ಭತ್ಯೆ ಇದೆ, ಮಗುವಿಗೆ ಐದು ವರ್ಷವಾಗುವವರೆಗೆ, ಎರಡು ಮಕ್ಕಳಿಗೆ. ಹೆರಿಗೆಯಾದ ಮೇಲೆ ಇದನ್ನು ಯಾರೂ ತಾವಾಗಿ ಬಂದು ಹೇಳುವುದಿಲ್ಲ. ಕೇಳಿ ಪಡೆಯಬೇಕು.

ತೆರಿಗೆ ಕಟ್ಟುವವರಿಗೆ ಒಂದು ಮಾತು: 2026ರ ಮಾರ್ಚ್‌ವರೆಗಿನ ಆದಾಯಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ ಹಳೆ ಪದ್ಧತಿಯಲ್ಲಿ ತನ್ನ ಅಂಗವೈಕಲ್ಯಕ್ಕೆ 80ಯು ಕಲಂ, ಅವಲಂಬಿತ ಸಂಗಾತಿಯದ್ದಕ್ಕೆ 80ಡಿಡಿ ಕಲಂ. ಕಡಿತ ₹75,000, ತೀವ್ರವಾಗಿದ್ದರೆ ₹1,25,000. ಒಂದೇ ಅಂಗವೈಕಲ್ಯಕ್ಕೆ ಹೆಂಡತಿ ಅಲ್ಲಿ, ಗಂಡ ಇಲ್ಲಿ ಎಂದು ಎರಡೂ ಕಡೆ ಕೇಳುವಂತಿಲ್ಲ.

ಇಷ್ಟಾದರೂ ನಿಂತುಹೋದರೆ

ಮೊದಲು ಆಧಾರ್ ಜೋಡಣೆ ನೋಡಿ, ಹಣ ಬೇರೆ ಖಾತೆಗೆ ಹೋಗಿರಬಹುದು. ಅದಲ್ಲವಾದರೆ ನಾಡಕಚೇರಿಯಲ್ಲಿ ನಿಂತ ಕಾರಣವನ್ನು ಕೇಳಿ. "ಮದುವೆಯಾಗಿದೆ, ಅದಕ್ಕೆ" ಎಂದರೆ ಬಾಯಿಮಾತಿನ ಉತ್ತರಕ್ಕೆ ತಿರುಗಿ ಬರಬೇಡಿ. ಹಾಗೆಂದು ಬರೆದುಕೊಡಿ ಎಂದು ಕೇಳಿ, ಅಥವಾ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಅಂಗವಿಕಲ ಪಿಂಚಣಿಯ ಆದೇಶದಲ್ಲಿ ಅಂಥ ಕಾರಣ ಬರೆಯಲು ಯಾವ ಅಧಿಕಾರಿಗೂ ಆಸ್ಪದವಿಲ್ಲ. ನಿಜವಾದ ಕಾರಣ ವಿಳಾಸವಾದರೆ ಮೊಹರು ಹಾಕಿಸಿಕೊಂಡ ವರ್ಗಾವಣೆ ಅರ್ಜಿಯ ಪ್ರತಿ ತೋರಿಸಿ. ಆದಾಯವಾದರೆ ಹೊಸ ಆದಾಯ ಪ್ರಮಾಣಪತ್ರ ತನ್ನಿ.

ತಹಶೀಲ್ದಾರರ ಆದೇಶ ಸರಿ ಎನಿಸದಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ನಮ್ಮ ಜಿಲ್ಲೆಯಲ್ಲಿ ಆ ಕಚೇರಿಗಳು ಕಾರವಾರ, ಕುಮಟಾ, ಭಟ್ಕಳ, ಶಿರಸಿಯಲ್ಲಿವೆ. ಅಲ್ಲಿಯೂ ಆಗದಿದ್ದರೆ ಬೆಂಗಳೂರಿನ ರಾಜ್ಯ ಅಂಗವಿಕಲರ ಆಯುಕ್ತರಿಗೆ ಅಂಚೆಯಲ್ಲೇ ದೂರು ಕಳಿಸಬಹುದು, ಅಂಗವಿಕಲರ ಹಕ್ಕು ತಪ್ಪಿದಾಗ ವಿಚಾರಿಸುವ ಅಧಿಕಾರವನ್ನು 2016ರ ಕಾಯ್ದೆ ಅವರಿಗೆ ಕೊಟ್ಟಿದೆ. ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಮಹಿಳೆಯರಿಗೂ ಅಂಗವಿಕಲರಿಗೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ, ಅಲ್ಲಿಗೆ ಹೋಗಲಾಗದವರು 15100ಕ್ಕೆ ಕರೆ ಮಾಡಬಹುದು.